ಕಂಡಮ್ ಆದ ರೈಲು ಕೋಚ್‌ಗಳು ಆಮೇಲೆ ಎಲ್ಲಿಗೆ ಹೋಗುತ್ತವೆ?

ಹಳಿಗುಂಟ ಕೇಳಿದ್ದು:

ಪ್ರಯಾಣಿಕರ ಕೋಚ್ ಒಂದಕ್ಕೆ ವಯಸ್ಸಾಯ್ತು, ಓಡಾಟದಿಂದ ತೆಗೆದರು ಅಂತ ಇಟ್ಕೊಳ್ಳಿ. ಆಮೇಲೇನಾಗತ್ತೆ? "ಗುಜರಿಗೆ ಹೋಗತ್ತೆ" ಅನ್ನೋ ಒಂದು ಸಾಲಿನ ಉತ್ತರ ಎಲ್ಲ ಕಡೆ ಸಿಗತ್ತೆ. ನನಗೆ ಬೇಕಿರೋದು ನಡುವಿನ ಹಂತಗಳು. ತೆಗೀಬೇಕು ಅಂತ ಯಾವ ಆಧಾರದ ಮೇಲೆ ತೀರ್ಮಾನ ಆಗತ್ತೆ, ಮೊದಲು ಏನೇನು ಬಿಚ್ಚುತ್ತಾರೆ, ಕತ್ತರಿಸೋವಾಗ ಏನು ಅಪಾಯ? ಕೆಲವು ಕೋಚ್‌ಗಳು ಬೇರೆ ದೇಶಕ್ಕೆ ಹೋಗಿ ಇನ್ನೂ ಇಪ್ಪತ್ತು ವರ್ಷ ಓಡ್ತವೆ, ಕೆಲವನ್ನು ಸಮುದ್ರಕ್ಕೆ ತಳ್ಳಿದ್ದಾರೆ, ಕೆಲವು ಹೋಟೆಲ್ ಆಗ್ತವೆ. ಯಾವುದಕ್ಕೆ ಯಾವ ಹಣೆಬರಹ ಅನ್ನೋದು ಹೇಗೆ ನಿಕ್ಕಿ ಆಗತ್ತೆ? ತಿಳಿದವರು ಬಿಡಿಸಿ ಹೇಳಿ.

ಅಂಡರ್‌ಫ್ರೇಮ್ ಬರೆದದ್ದು:

ಮೊದಲು ಪದದ ಗೊಂದಲ ಕಳೆದುಕೊಳ್ಳೋಣ. ಮಾತಿನಲ್ಲಿ ನಾವು ಇಡೀ ಡಬ್ಬಿಗೇ ಬೋಗಿ ಅನ್ನುತ್ತೇವೆ. ವರ್ಕ್‌ಶಾಪಿನಲ್ಲಿ ಬೋಗಿ ಎಂದರೆ ಕೆಳಗಿರುವ ನಾಲ್ಕು ಚಕ್ರದ ಚೌಕಟ್ಟು ಮಾತ್ರ, ಅದರ ಮೇಲೆ ಕೂತಿರುವುದು ಶೆಲ್. ಎರಡರ ಆಯಸ್ಸೂ ಬೇರೆ, ಕೊನೆಗೆ ಸೇರುವ ಜಾಗವೂ ಬೇರೆ. ಕೆಳಗೆ ನಾನು ಬೋಗಿ ಎಂದಾಗಲೆಲ್ಲ ವರ್ಕ್‌ಶಾಪಿನ ಅರ್ಥವನ್ನೇ ಹಿಡಿಯಿರಿ.

ವಯಸ್ಸು ಒಂದು ಗಡಿ ಅಷ್ಟೇ. ಭಾರತೀಯ ರೈಲ್ವೆ ಐಸಿಎಫ್ (ಚೆನ್ನೈನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ) ಮಾದರಿಯ ಉಕ್ಕಿನ ಕೋಚ್‌ಗೆ 25 ವರ್ಷ ಎಂದು ಲೆಕ್ಕ ಇಟ್ಟಿದೆ. ಬೇರೆ ದೇಶಗಳಲ್ಲಿ 40 ವರ್ಷ ದಾಟಿ ಓಡುವ ಕೋಚ್‌ಗಳೂ ಇವೆ. ನಿಜವಾದ ತೀರ್ಮಾನ ಆಗುವುದು ತುಕ್ಕಿನ ಮೇಲೆ. ಅದು ಎಲ್ಲೆಲ್ಲೋ ಹಿಡಿಯುವುದಿಲ್ಲ, ಅದಕ್ಕೆ ತನ್ನದೇ ಜಾಗಗಳಿವೆ. ಶೌಚಾಲಯದ ಕೆಳಗಿನ ತಗಡು, ಬಾಗಿಲ ಕಂಬದ ಬುಡ, ಕಿಟಕಿಯ ಕೆಳಮೂಲೆ, ಪಕ್ಕದ ಗೋಡೆ ಸೋಲ್‌ಬಾರ್‌ಗೆ (ತಳದ ಉದ್ದಕ್ಕೂ ಇರುವ ಪಕ್ಕದ ತೊಲೆ) ಕೂಡುವ ಸಂದು. ನೆಲದ ಹಾಸಿನ ಕೆಳಗೆ ನೀರು ಇಳಿದು, ಇನ್ಸುಲೇಷನ್ ನೆನೆದು ಒದ್ದೆಯಾಗಿಯೇ ಉಳಿದರೆ ಉಕ್ಕು ಒಳಗಿನಿಂದ ತಿನ್ನಿಸಿಕೊಳ್ಳುತ್ತದೆ. ಹೊರಗಿನ ಬಣ್ಣ ಮಾತ್ರ ಹೊಸದಾಗಿಯೇ ಇರುತ್ತದೆ. ಹಾಗಾಗಿ ಕಣ್ಣಳತೆ ಸಾಲದು. ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತಾರೆ, ಅನುಮಾನ ಬಂದ ಕಡೆ ಅಲ್ಟ್ರಾಸಾನಿಕ್ ಗೇಜಿನಲ್ಲಿ ದಪ್ಪ ಅಳೆಯುತ್ತಾರೆ. ತಗಡು ಬದಲಾಯಿಸುವುದು ಸುಲಭ. ಸೋಲ್‌ಬಾರ್, ಬೋಲ್‌ಸ್ಟರ್ (ಬೋಗಿಯ ಮೇಲೆ ಕೂರುವ ಅಡ್ಡ ತೊಲೆ), ಹೆಡ್‌ಸ್ಟಾಕ್ (ತುದಿಯ ಅಡ್ಡ ತೊಲೆ) ಹೋಗಿದ್ದರೆ ರಿಪೇರಿಯ ಖರ್ಚಿಗೆ ಅರ್ಥವಿರುವುದಿಲ್ಲ.

ಕೋಚ್ ಗಟ್ಟಿಯಾಗಿದ್ದೂ ಮನೆಗೆ ಹೋಗುವುದುಂಟು. ಬ್ರಿಟನ್ನಿನ ಪೇಸರ್ ರೈಲುಗಳನ್ನೇ ನೋಡಿ. ಬಸ್ಸಿನ ಬಾಡಿಯನ್ನು ನಾಲ್ಕೇ ಚಕ್ರದ ಚೌಕಟ್ಟಿನ ಮೇಲೆ ಕೂರಿಸಿ 1980ರ ದಶಕದಲ್ಲಿ ಕಟ್ಟಿದವು. ಗಾಲಿಕುರ್ಚಿಯವರಿಗೂ ಅನುಕೂಲ ಇರಬೇಕೆಂಬ ನಿಯಮ 2020ರ ಜನವರಿಗೆ ಜಾರಿಯಾದಾಗ ಅವುಗಳನ್ನು ಅದಕ್ಕೆ ಹೊಂದಿಸುವುದು ಲಾಭದ ಮಾತಾಗಿರಲಿಲ್ಲ. ಸ್ವಲ್ಪ ವಿನಾಯಿತಿಯಲ್ಲಿ ಓಡಿ 2021ಕ್ಕೆ ಪೂರ್ತಿ ನಿಂತವು.

ಇನ್ನು ಬಿಚ್ಚುವ ಕೆಲಸ. ಮೊದಲು ಹೋಗುವುದು ಬೇರೆ ಕೋಚ್‌ಗೆ ಹಾಕಬಹುದಾದ್ದು: ಚಕ್ರದ ಜೋಡಿಗಳು, ರೋಲರ್ ಬೇರಿಂಗ್, ಬ್ರೇಕ್ ಸಿಲಿಂಡರ್ ಮತ್ತು ಡಿಸ್ಟ್ರಿಬ್ಯೂಟರ್ ವಾಲ್ವ್, ಕಪ್ಲರ್, ಬಫರ್, ಆಲ್ಟರ್ನೇಟರ್, ಬ್ಯಾಟರಿ ಚಾರ್ಜರ್, ಎಸಿ ಯೂನಿಟ್, ಗಾಜು. ಒಂದೇ ಮಾದರಿಯ ಇನ್ನೂ ನೂರಾರು ಕೋಚ್ ಓಡುತ್ತಿದ್ದರೆ ಈ ಸಾಮಾನಿಗೆ ಗುಜರಿ ಬೆಲೆಯ ಹತ್ತಾರು ಪಟ್ಟು ಬೆಲೆ, ಯಾಕೆಂದರೆ ಕೆಲವು ವಾಲ್ವ್‌ಗಳನ್ನು ಈಗ ಯಾರೂ ತಯಾರಿಸುವುದೇ ಇಲ್ಲ. ಅದೇ ಮಾದರಿಯ ಕೊನೆಯ ಕೋಚ್ ಆಗಿದ್ದರೆ ಅದೇ ವಾಲ್ವ್ ಬರೀ ಎರಕದ ಕಬ್ಬಿಣ.

ಬಿಚ್ಚುವ ಮುಂಚೆ ಗಾಳಿ ಖಾಲಿ ಮಾಡುವುದನ್ನು ಮರೆಯಬಾರದು. ಬ್ರೇಕ್ ಪೈಪನ್ನು ಬಿಡಿಸಿದ ಮಾತ್ರಕ್ಕೆ ಆಗ್ಸಿಲರಿ ರಿಸರ್ವಾಯರ್ (ಬ್ರೇಕಿಗೆ ಗಾಳಿ ಕೂಡಿಡುವ ಟ್ಯಾಂಕು) ಖಾಲಿಯಾಗುವುದಿಲ್ಲ, ಅದರಲ್ಲಿ ಚದರ ಸೆಂ.ಮೀ.ಗೆ ಸುಮಾರು 5 ಕೆಜಿ ಒತ್ತಡ ಹಾಗೇ ಕೂತಿರುತ್ತದೆ. ಪ್ರತಿ ಟ್ಯಾಂಕಿನ ಡ್ರೇನ್ ಕಾಕ್ ತೆರೆದು, ಗಾಳಿ ನಿಂತಿತೆಂದು ಕೇಳಿಸಿಕೊಂಡು, ಕಾಕನ್ನು ತೆರೆದೇ ಬಿಡಬೇಕು. ಏರ್ ಸ್ಪ್ರಿಂಗ್ ಇದ್ದರೆ ಅದನ್ನೂ ಖಾಲಿ ಮಾಡಬೇಕು. ಬ್ರೇಕ್ ಗಾಳಿ ಹೋದಮೇಲೆ ಡಬ್ಬಿಯನ್ನು ಹಿಡಿದಿಡುವುದಕ್ಕೆ ಏನೂ ಇರುವುದಿಲ್ಲ. ರೋಲರ್ ಬೇರಿಂಗಿನ ಕೋಚ್ 400ಕ್ಕೆ 1ರ ಇಳಿಜಾರಿಗಿಂತ ಕಡಿದಾದ ಕಡೆ ತಾನಾಗಿ ಉರುಳಬಲ್ಲದು, ಹಾಗಾಗಿ ಚಕ್ರಕ್ಕೆ ಎರಡೂ ಕಡೆ ಬೆಣೆ ಕೊಟ್ಟೇ ಮುಂದಿನ ಕೆಲಸ.

ಮೀಟರ್‌ಗೇಜು ಬರೆದದ್ದು:

ಬೇರೆ ದೇಶಕ್ಕೆ ಹೋಗುವ ಕಥೆ ನಾನು ಹೇಳ್ತೀನಿ. ಇಲ್ಲಿ ನಾಲ್ಕು ಸಂಗತಿ ಕೂಡಿ ಬರಬೇಕು: ಹಳಿಗಳ ಅಗಲ, ಡಬ್ಬಿಯ ಅಡ್ಡಳತೆ, ಕರೆಂಟು, ಪ್ಲಾಟ್‌ಫಾರ್ಮಿನ ಎತ್ತರ. ನಾಲ್ಕೂ ಹೊಂದಿದರೆ ಅದೃಷ್ಟ.

ಟೋಕಿಯೋದಿಂದ ಜಕಾರ್ತಾಗೆ ಹೋದ ರೈಲುಗಳಿಗೆ ಹೆಚ್ಚುಕಡಿಮೆ ಆ ಅದೃಷ್ಟ ಇತ್ತು. ಎರಡೂ ಕಡೆ ಹಳಿ 1067 ಮಿ.ಮೀ., ಎರಡೂ ಕಡೆ 1500 ವೋಲ್ಟ್ ಡಿಸಿ. 2000ದಲ್ಲಿ ಟೋಕಿಯೋ ನಗರಾಡಳಿತ ತನ್ನ ಸುರಂಗ ರೈಲಿನ 72 ಕೋಚ್ ಕೊಟ್ಟಿತು. 2013ರಿಂದ ಜೆಆರ್ ಈಸ್ಟ್ ಅನ್ನೋ ಜಪಾನಿನ ರೈಲು ಕಂಪನಿಯ 205 ಸರಣಿಯವೇ 800ಕ್ಕೂ ಮಿಕ್ಕಿ ಹೋದವು. ಅಲ್ಲಿ ಮಾಡಬೇಕಾದ ಮಾರ್ಪಾಡು ಕಡಿಮೆ. ಪ್ಲಾಟ್‌ಫಾರ್ಮ್ ತಗ್ಗಿರುವ ನಿಲ್ದಾಣಗಳಿಗಾಗಿ ಬಾಗಿಲ ಕೆಳಗೆ ಮೆಟ್ಟಿಲು, ಕಲ್ಲೇಟಿಗೆ ಮುಂದಿನ ಗಾಜಿನ ಮೇಲೆ ಜಾಲರಿ, ಹೊಸ ಬಣ್ಣ. 205 ಸರಣಿಯ ಮೈ ಸ್ಟೇನ್‌ಲೆಸ್ ಉಕ್ಕು ಅನ್ನೋದೂ ಒಂದು ಕಾರಣ: ಮೋಟರು ಹಳೇದಾದರೂ ಶೆಲ್ ಹಳೇದಾಗಿರಲಿಲ್ಲ. 2023ರಲ್ಲಿ ಇಂಡೋನೇಷ್ಯಾ ಸರ್ಕಾರ ಬಳಸಿದ ರೈಲು ತರಿಸೋದಕ್ಕೆ ಒಪ್ಪಿಗೆ ಕೊಡಲಿಲ್ಲ, ಆ ಬಾಗಿಲು ಮುಚ್ಚಿತು.

ಅರ್ಜೆಂಟೀನಾದ ಬ್ಯೂನಸ್ ಐರಿಸ್ ಉದಾಹರಣೆ ಇನ್ನೂ ಚೆನ್ನ. ಅಲ್ಲಿನ ಸುರಂಗ ರೈಲಿನ ಬಿ ಮಾರ್ಗ ಮೂರನೇ ಹಳಿಯಿಂದ (ಪಕ್ಕದಲ್ಲಿ ಹಾಸಿದ ಕರೆಂಟಿನ ಹಳಿ) ಕರೆಂಟು ಎಳೆಯೋ 1435 ಮಿ.ಮೀ. ಮಾರ್ಗ. ಟೋಕಿಯೋದ ಮರುನೌಚಿ ಮಾರ್ಗವೂ ಹಾಗೇ. 1990ರ ದಶಕದ ನಡುವಿನಲ್ಲಿ 131 ಕೋಚ್ ಹೋದವು. ಆದರೆ ಜಪಾನಿನ ಕೋಚ್ ಸಪೂರ, ಅಲ್ಲಿನ ಸುರಂಗ ಅಗಲ, ಪ್ಲಾಟ್‌ಫಾರ್ಮಿಗೂ ಬಾಗಿಲಿಗೂ ನಡುವೆ ಕಾಲು ಸಿಕ್ಕೋ ಅಂಥ ಸಂದು. ಬಾಗಿಲ ಹತ್ತಿರ ಹಲಗೆಯಂಥ ಚಾಚು ಕೂರಿಸಿ ಆ ಸಂದು ತುಂಬಿದರು. ಅವುಗಳಲ್ಲಿ 4 ಕೋಚನ್ನು 2016ರಲ್ಲಿ ಟೋಕಿಯೋ ಮೆಟ್ರೋ ವಾಪಸ್ ತರಿಸಿಕೊಂಡಿತು, ಜೋಪಾನ ಮಾಡೋದಕ್ಕೆ. ಮಾರಿದ ಹಸುವನ್ನು ಮುದಿಯಾದಮೇಲೆ ಮನೆಗೆ ಕರೆತಂದ ಹಾಗೆ.

ಹಳಿಯ ಅಗಲ ಬೇರೆ ಆದರೆ ಎರಡು ದಾರಿ. ವ್ಯತ್ಯಾಸ ಚಿಕ್ಕದಿದ್ದರೆ ಚಕ್ರವನ್ನೇ ಆಕ್ಸಲಿನ ಮೇಲೆ ಒಳಕ್ಕೆ ಸರಿಸೋದು. ಜಪಾನಿನ ಡೀಸೆಲ್ ಕೋಚ್‌ಗಳು ಮ್ಯಾನ್ಮಾರ್‌ಗೆ ಹೋದಾಗ 1067ರಿಂದ 1000 ಮಿ.ಮೀ.ಗೆ ಇಳೀಬೇಕಾಯ್ತು. ಲೆಕ್ಕ ಹಾಕಿ: ಒಂದೊಂದು ಚಕ್ರ 33.5 ಮಿ.ಮೀ. ಒಳಕ್ಕೆ. ಚಿಕ್ಕ ಸಂಖ್ಯೆ ಅನ್ಸತ್ತೆ. ಆದರೆ ಚಕ್ರ ಸರಿದ ಮೇಲೆ ಬ್ರೇಕ್ ಬ್ಲಾಕು ಚಕ್ರದ ಎದುರಿಗೆ ಇರೋದಿಲ್ಲ, ಅದನ್ನೂ ಅಷ್ಟೇ ಸರಿಸಬೇಕು. ಚಕ್ರ ಕೂರೋ ಜಾಗ ಆಕ್ಸಲಿನ ಮೇಲೆ ಸಾಕಷ್ಟು ಅಗಲ ಇಲ್ಲದಿದ್ದರೆ ಆಕ್ಸಲನ್ನೇ ಬದಲಾಯಿಸಬೇಕು. ಗೇರ್‌ಬಾಕ್ಸ್ ಇರೋ ಆಕ್ಸಲ್ ಆದರಂತೂ ಜಾಗವೇ ಸಿಗೋದಿಲ್ಲ.

ವ್ಯತ್ಯಾಸ ದೊಡ್ಡದಾದರೆ ಬೋಗಿಯನ್ನೇ ಬದಲಾಯಿಸೋದು. ಬ್ರಿಟನ್ನಿನ ಮಾರ್ಕ್ 2 ಕೋಚ್‌ಗಳು 1435ರಿಂದ ನ್ಯೂಜಿಲೆಂಡಿನ 1067ಕ್ಕೆ ಹೋದದ್ದು ಹಾಗೆ. ಬ್ರಿಟನ್ನಿನ ಸುರಂಗ, ಸೇತುವೆಗಳು ಮೊದಲಿನಿಂದ ಇಕ್ಕಟ್ಟು, ಹಾಗಾಗಿ ಅಲ್ಲಿನ ಡಬ್ಬಿಗಳೂ ಸಣ್ಣ. ಆ ಸಣ್ಣತನವೇ ನ್ಯೂಜಿಲೆಂಡಿನಲ್ಲಿ ಅನುಕೂಲ ಆಯ್ತು. ಯುರೋಪಿನ ಮುಖ್ಯಭೂಮಿಯ ಕೋಚ್ ಆಗಿದ್ದರೆ ಬೋಗಿ ಬದಲಾಯಿಸಿದರೂ ಸುರಂಗದಲ್ಲಿ ಹಿಡಿಸ್ತಿರಲಿಲ್ಲ.

ಈಗ ಎಚ್ಚರಿಕೆ. ಕೋಚ್ ಜೊತೆಗೆ ಅದರ ಹಳೇ ಪಾಪವೂ ಹಡಗು ಹತ್ತತ್ತೆ. ಬ್ಯೂನಸ್ ಐರಿಸ್ ಆಮೇಲೆ ಮ್ಯಾಡ್ರಿಡ್ ಮೆಟ್ರೋದಿಂದ ಸಿಎಎಫ್ ಅನ್ನೋ ಕಂಪನಿ ಕಟ್ಟಿದ 5000 ಸರಣಿಯ ಹಳೆಯ ರೈಲು ತಗೊಂಡಿತು. ಅವುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇದೆ ಅಂತ 2018ರಲ್ಲಿ ಬಯಲಾಗಿ, ಓಡಾಟದಿಂದ ತೆಗೀಬೇಕಾಯ್ತು. ಕೊಳ್ಳೋ ಮುಂಚೆ ಬರೀ ಕಾಗದದ ಮೇಲೆ "ಕಲ್ನಾರು ಇಲ್ಲ" ಅಂತ ಬರೆಸ್ಕೊಂಡರೆ ಸಾಲದು. ನೆಲ, ಚಾವಣಿ, ಹೀಟರ್ ಸುತ್ತ, ಕರೆಂಟು ಪೆಟ್ಟಿಗೆಯ ಆರ್ಕ್ ತಡೆ ಹಲಗೆ, ಗ್ಯಾಸ್ಕೆಟ್ಟು, ಹೀಗೆ ಬೇರೆ ಬೇರೆ ಕಡೆಯಿಂದ ತುಣುಕು ತೆಗೆದು ಲ್ಯಾಬಿನಲ್ಲಿ ನೋಡಿಸಬೇಕು.

ಹಳಿಗುಂಟ ಬರೆದದ್ದು:

ಇಬ್ಬರಿಗೂ ಧನ್ಯವಾದ. ಒಂದು ಅನುಮಾನ. ಕಲ್ನಾರಿನ ವಿಷಯ ಇಷ್ಟು ಗಂಭೀರ ಅಂದಮೇಲೆ, ಅದೇ ಕಲ್ನಾರು ಇದ್ದ ನ್ಯೂಯಾರ್ಕ್ ಸುರಂಗ ರೈಲುಗಳನ್ನು ಸಮುದ್ರಕ್ಕೆ ಹಾಕೋಕೆ ಹೇಗೆ ಒಪ್ಪಿದರು? ಕತ್ತರಿಸೋವಾಗ ಸ್ಟೇನ್‌ಲೆಸ್ ಕೋಚ್‌ಗೆ ಗ್ಯಾಸ್ ಕಟರ್ ನಡೆಯೋದಿಲ್ಲ ಅಂತ ಎಲ್ಲೋ ಓದಿದೆ, ಅದು ಯಾಕೆ?

ತುಕ್ಕುಮುಕ್ಕು ಬರೆದದ್ದು:

ಎರಡನೇ ಪ್ರಶ್ನೆ ಮೊದಲು.

ಗ್ಯಾಸ್ ಕಟರ್ ಉಕ್ಕನ್ನು ಕರಗಿಸಿ ಕತ್ತರಿಸುವುದಿಲ್ಲ, ಸುಟ್ಟು ಕತ್ತರಿಸುತ್ತದೆ. ಉಕ್ಕು ಸುಮಾರು 900 ಡಿಗ್ರಿಗೆ ಕಾದಾಗ ಅದರ ಮೇಲೆ ಶುದ್ಧ ಆಮ್ಲಜನಕ ಬಿಟ್ಟರೆ ಕಬ್ಬಿಣ ಹೊತ್ತಿ ಉರಿಯುತ್ತದೆ. ಹಾಗೆ ಉರಿದಾಗ ಆಗುವ ಆಕ್ಸೈಡು ಉಕ್ಕಿಗಿಂತ ಮೊದಲೇ ಕರಗಿ ಹರಿದು ಹೋಗುತ್ತದೆ, ಸೀಳು ಮುಂದೆ ಸಾಗುತ್ತದೆ. ಸ್ಟೇನ್‌ಲೆಸ್‌ನಲ್ಲಿ ಕ್ರೋಮಿಯಂ ಇದೆ. ಅದರ ಆಕ್ಸೈಡು ಕರಗಲು 2000 ಡಿಗ್ರಿಗೂ ಎಷ್ಟೋ ಹೆಚ್ಚು ಬೇಕು, ಅಷ್ಟರಲ್ಲಿ ಕೆಳಗಿನ ಲೋಹ ಕರಗಿರುತ್ತದೆ, ಮೇಲೆ ಮಾತ್ರ ಚಿಪ್ಪು ಕಟ್ಟಿಕೊಂಡು ಆಮ್ಲಜನಕ ಒಳಗೆ ಇಳಿಯುವುದೇ ಇಲ್ಲ. ಅಲ್ಯೂಮಿನಿಯಂ ಕಥೆಯೂ ಇದೇ: ಲೋಹ 660 ಡಿಗ್ರಿಗೆ ಕರಗುತ್ತದೆ, ಆಕ್ಸೈಡು 2000 ದಾಟಬೇಕು. ಹಾಗಾಗಿ ಈ ಎರಡಕ್ಕೂ ಪ್ಲಾಸ್ಮಾ ಕಟರ್, ಇಲ್ಲವೇ ಎಕ್ಸ್‌ಕವೇಟರಿನ ತುದಿಗೆ ಕಟ್ಟಿದ ಹೈಡ್ರಾಲಿಕ್ ಕತ್ತರಿ. ಸ್ಟೇನ್‌ಲೆಸ್ಸನ್ನು ಪ್ಲಾಸ್ಮಾದಲ್ಲಿ ಕತ್ತರಿಸಿದರೆ ಬರುವ ಹೊಗೆಯಲ್ಲಿ ಷಡ್ವೇಲೆನ್ಸಿಯ ಕ್ರೋಮಿಯಂ ಇರುತ್ತದೆ, ಕ್ಯಾನ್ಸರ್ ತರುವಂಥದ್ದು. ಮಾಸ್ಕು, ಹೊಗೆ ಎಳೆಯುವ ವ್ಯವಸ್ಥೆ ಎರಡೂ ಬೇಕು. ದೊಡ್ಡ ಗುಜರಿ ಅಂಗಳಗಳು ಕತ್ತರಿಯನ್ನೇ ನೆಚ್ಚುವುದು ಇದಕ್ಕೇ. ಕಿಡಿಯಿಲ್ಲ, ಹೊಗೆಯಿಲ್ಲ, ಮನುಷ್ಯ ಕ್ಯಾಬಿನ್ನಿನಲ್ಲಿ ದೂರ ಕೂತಿರುತ್ತಾನೆ.

ಮಾಮೂಲು ಉಕ್ಕಿನ ಕೋಚ್ ಆದರೂ ನೇರ ಕಟರ್ ಹಚ್ಚುವಂತಿಲ್ಲ. ಕಲ್ನಾರು ಇದ್ದರೆ ಮೊಟ್ಟಮೊದಲು ಅದು ಹೊರಗೆ: ಕೋಚನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಮುಚ್ಚಿ, ಒಳಗಿನ ಗಾಳಿಯ ಒತ್ತಡ ಹೊರಗಿಗಿಂತ ಕಡಿಮೆ ಇಟ್ಟು, ನೀರಲ್ಲಿ ನೆನೆಸಿ ಕೆರೆದು, ಎರಡು ಪದರದ ಚೀಲಕ್ಕೆ ಕಟ್ಟಬೇಕು. 1950-60ರ ದಶಕಗಳಲ್ಲಿ ಕಟ್ಟಿದ ಎಷ್ಟೋ ಕೋಚ್‌ಗಳ ಶೆಲ್ಲಿಗೆ ಒಳಗಿನಿಂದ ನೀಲಿ ಕಲ್ನಾರನ್ನು ಸಿಂಪಡಿಸಿದ್ದರು, ಬ್ರಿಟನ್ನಿನ ಮಾರ್ಕ್ 1 ಕೋಚ್‌ಗಳಲ್ಲಿ ಇದು ಕುಖ್ಯಾತ. ಹಲಗೆಯಾಗಿದ್ದರೆ ಬಿಚ್ಚಬಹುದು. ಸಿಂಪಡಿಸಿದ್ದು ಪ್ರತಿ ಪಕ್ಕೆಲುಬಿನ ಸಂದಿಯಲ್ಲೂ ಕೂತಿರುತ್ತದೆ, ಆದ್ದರಿಂದ ಹಲವು ಸಲ ಕತ್ತರಿಸುವ ಕೆಲಸಕ್ಕಿಂತ ಇದರ ಖರ್ಚೇ ಹೆಚ್ಚು.

ಆಮೇಲೆ ದ್ರವಗಳು ಮತ್ತು ಅನಿಲಗಳು. ಎಸಿಯ ಗ್ಯಾಸನ್ನು ಯಂತ್ರದಿಂದ ಸಿಲಿಂಡರಿಗೆ ಎಳೆದುಕೊಳ್ಳಬೇಕು, ಗಾಳಿಗೆ ಬಿಡಬಾರದು. ಬ್ಯಾಟರಿ ಯಾವ ಜಾತಿಯದು ಎಂದು ನೋಡಿ: ಸೀಸದ ಬ್ಯಾಟರಿಯಲ್ಲಿ ಆಮ್ಲ, ನಿಕಲ್ ಕ್ಯಾಡ್ಮಿಯಂನಲ್ಲಿ ಕ್ಷಾರ, ಎರಡನ್ನೂ ಒಂದೇ ತೊಟ್ಟಿಗೆ ಸುರಿಯಬಾರದು. ಹಳೆಯ ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್‌ಗಳ ಎಣ್ಣೆಯಲ್ಲಿ ಪಿಸಿಬಿ ಎಂಬ ವಿಷಕಾರಿ ರಾಸಾಯನಿಕ ಇರಬಹುದು. ಟ್ಯೂಬ್‌ಲೈಟಿನಲ್ಲಿ ಪಾದರಸ. ಶೌಚದ ತೊಟ್ಟಿ, ಅದರ ಬಗ್ಗೆ ವಿವರ ಬೇಡ, ಖಾಲಿ ಮಾಡಿ ತೊಳೆದು ಸೋಂಕು ನಿವಾರಕ ಹಾಕದೆ ಯಾರೂ ಕೈ ಹಚ್ಚುವುದಿಲ್ಲ ಎಂದರೆ ಸಾಕು. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ. ಕತ್ತರಿಸುವ ಗೆರೆಯ ಎರಡೂ ಕಡೆ ಅಂಗೈ ಅಗಲ ಬಣ್ಣ ಕೆರೆದು ತೆಗೆಯದಿದ್ದರೆ ಕಟರ್ ಹಿಡಿದವನು ಸೀಸದ ಹೊಗೆಯನ್ನೇ ಉಸಿರಾಡುತ್ತಾನೆ.

ಬೆಂಕಿ ಹೊತ್ತುವುದು ಬಹುತೇಕ ಸೀಟಿನ ಫೋಮಿನಿಂದ. ಪಾಲಿಯುರೆಥೇನ್ ಉರಿದರೆ ಹೈಡ್ರೋಜನ್ ಸಯನೈಡ್ ಬರುತ್ತದೆ. ಸೀಟು, ಬರ್ತು, ಪ್ಲೈವುಡ್, ನೆಲಹಾಸು ಎಲ್ಲ ಖಾಲಿಯಾಗಿ ಬರೀ ಎಲುಬು ಉಳಿದ ಮೇಲೇ ಬೆಂಕಿಯ ಕೆಲಸ. ಮುಚ್ಚಿದ ಯಾವ ವಸ್ತುವಿಗೂ ಉರಿ ತಾಗಿಸಬೇಡಿ. ಹೈಡ್ರಾಲಿಕ್ ಡ್ಯಾಂಪರಿನೊಳಗಿನ ಎಣ್ಣೆ ಕುದಿದು ಅದು ಒಡೆಯುತ್ತದೆ. ಬಫರಿನೊಳಗೆ ಸ್ಪ್ರಿಂಗು ಒತ್ತಿಟ್ಟ ಸ್ಥಿತಿಯಲ್ಲೇ ಇರುತ್ತದೆ, ಅದರ ಹಿಡಿಕೆ ಕತ್ತರಿಸಿದರೆ ತುಂಡು ಗುಂಡಿನ ಹಾಗೆ ಹಾರುತ್ತದೆ. ಬಫರನ್ನು ಬೋಲ್ಟ್ ಬಿಚ್ಚಿ ಇಡಿಯಾಗಿ ತೆಗೆಯಬೇಕು.

ಕತ್ತರಿಸುವ ಕ್ರಮ ಮೇಲಿನಿಂದ ಕೆಳಕ್ಕೆ: ಚಾವಣಿ, ಪಕ್ಕದ ಗೋಡೆ, ಕೊನೆಗೆ ಅಂಡರ್‌ಫ್ರೇಮ್. ಗೋಡೆಯನ್ನು ಮೊದಲು ಕಡಿದು ಚಾವಣಿ ಉಳಿಸಿದರೆ ಎಲ್ಲಿ ಕುಸಿಯುತ್ತದೆಂದು ಹೇಳಲಾಗದು.

ವೈರಿಂಗ್ ಬಗ್ಗೆ ಒಂದು ಮಾತು, ಇದನ್ನು ಹೆಚ್ಚಿನವರು ತಪ್ಪು ತಿಳಿದಿದ್ದಾರೆ. ತಾಮ್ರವನ್ನು ಮೊದಲು ಎಳೆದು ತೆಗೆಯುವುದು ಅದರ ಬೆಲೆಗಾಗಿ ಮಾತ್ರ ಅಲ್ಲ. ಉಕ್ಕಿನ ಜೊತೆ ಕುಲುಮೆಗೆ ಹೋದ ತಾಮ್ರವನ್ನು ಆಮೇಲೆ ಬೇರ್ಪಡಿಸಲಾಗದು. ಅದು ಶೇಕಡಾ 0.2-0.3ರ ಹತ್ತಿರ ಬಂದರೂ ಬಿಸಿಯಲ್ಲಿ ಉರುಳಿಸುವಾಗ ಉಕ್ಕಿನ ಮೇಲ್ಮೈ ಬಿರಿಯುತ್ತದೆ. ಹಾಗಾಗಿ ವೈರು ಉಳಿದ ಶೆಲ್ಲಿಗೆ ಉಕ್ಕಿನ ಕಾರ್ಖಾನೆ ಬೆಲೆ ಇಳಿಸುತ್ತದೆ. ಅದೇ ರೀತಿ ಚಕ್ರ ಮತ್ತು ಆಕ್ಸಲಿನ ಉಕ್ಕನ್ನು ತಗಡಿನ ಜೊತೆ ಬೆರೆಸುವುದಿಲ್ಲ, ಅವು ಹೆಚ್ಚು ಇಂಗಾಲದ ಒಳ್ಳೆಯ ಉಕ್ಕು, ಬೇರೆ ರಾಶಿ. ಅಲ್ಯೂಮಿನಿಯಂ ಶೆಲ್ಲಂತೂ ಗುಜರಿಯವರ ಪಾಲಿಗೆ ಹಬ್ಬ. ಅದಿರಿನಿಂದ ತೆಗೆಯುವುದಕ್ಕೆ ಹೋಲಿಸಿದರೆ ಮತ್ತೆ ಕರಗಿಸಲು ಸುಮಾರು ಶೇಕಡಾ 5ರಷ್ಟೇ ಶಕ್ತಿ ಸಾಕು. ಜಪಾನಿನಲ್ಲಿ ಹಳೆಯ ಶಿಂಕಾನ್‌ಸೆನ್ ಕೋಚ್‌ಗಳ ಅಲ್ಯೂಮಿನಿಯಂ ಬೇಸ್‌ಬಾಲ್ ಬ್ಯಾಟ್ ಕೂಡ ಆಗಿದೆ.

ಅಂಡರ್‌ಫ್ರೇಮ್ ಬರೆದದ್ದು:

ಸಮುದ್ರದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ಕಲ್ನಾರಿನ ಅಪಾಯ ಇರುವುದು ಅದರ ನಾರು ಗಾಳಿಯಲ್ಲಿ ತೇಲಿ ಶ್ವಾಸಕೋಶಕ್ಕೆ ಹೋದಾಗ. ನ್ಯೂಯಾರ್ಕಿನಲ್ಲಿ ರೆಡ್‌ಬರ್ಡ್ ಎಂದು ಕರೆಯುತ್ತಿದ್ದ ಹಳೆಯ ಸುರಂಗ ರೈಲು ಕೋಚ್‌ಗಳಲ್ಲಿ ಅದು ನೆಲ ಮತ್ತು ಗೋಡೆಯ ಅಂಟಿನಲ್ಲಿ ಬೆರೆತು ಗಟ್ಟಿಯಾಗಿತ್ತು. ನೀರಿನಡಿ ಅದು ಗಾಳಿಗೆ ಏಳುವುದಿಲ್ಲ ಎಂಬ ವಾದವನ್ನು ಪರಿಸರ ಇಲಾಖೆಯವರು ಒಪ್ಪಿದರು. ನೆಲದ ಮೇಲೆ ಅದನ್ನು ಕೆರೆದು ತೆಗೆಯುವ ಖರ್ಚು ಉಳಿಯುವುದೇ ನಗರ ಸಾರಿಗೆ ಸಂಸ್ಥೆಗೆ ಈ ಯೋಜನೆಯಲ್ಲಿದ್ದ ದೊಡ್ಡ ಆಕರ್ಷಣೆ. ಮೀನಿಗೆ ಮನೆ ಕಟ್ಟುವ ಪುಣ್ಯ ಆಮೇಲಿನದು.

ಹಾಗೆಂದು ಇದ್ದ ಹಾಗೇ ತಳ್ಳಲಿಲ್ಲ. ಚಕ್ರ, ಬೋಗಿ, ಕೆಳಗಿನ ಯಂತ್ರಗಳು, ಬಾಗಿಲು, ಕಿಟಕಿ, ಸೀಟು ತೆಗೆದು, ಗ್ರೀಸು ಎಣ್ಣೆ ತೊಳೆದು, ಬಾರ್ಜಿನಲ್ಲಿ ಸಾಗಿಸಿ ಯಂತ್ರದಿಂದ ದೂಡಿದರು. ಕೆಲಸ ಶುರುವಾದದ್ದು 2001ರಲ್ಲಿ, ಡೆಲವೇರ್ ಕರಾವಳಿಯಾಚೆ. ಅಲ್ಲೊಂದರಲ್ಲೇ 700ಕ್ಕೂ ಹೆಚ್ಚು ರೆಡ್‌ಬರ್ಡ್ ಇವೆ, ಆ ಜಾಗಕ್ಕೆ ರೆಡ್‌ಬರ್ಡ್ ರೀಫ್ ಎಂದೇ ಹೆಸರು. ಅಲ್ಲಿ ತಳ ಬರೀ ಮರಳು ಮತ್ತು ಕೆಸರು. ಅಂಟಿಕೊಳ್ಳಲು ಗಟ್ಟಿ ಜಾಗವಿಲ್ಲದ ಕಡೆ ಇಂಥ ಪೆಟ್ಟಿಗೆ ಸಿಕ್ಕಿದ್ದೇ ಚಿಪ್ಪುಜೀವಿಗಳು ಕೂತವು, ಮೀನು ಬಂದವು. ಬಾಗಿಲು ಕಿಟಕಿ ತೆಗೆಯುವುದರ ಇನ್ನೊಂದು ಉದ್ದೇಶ ನೀರು ಒಳಗೆ ಹರಿದಾಡಲಿ ಎಂಬುದು. ಹರಿಯದ ನೀರಲ್ಲಿ ಆಮ್ಲಜನಕ ತೀರುತ್ತದೆ.

ಆಮೇಲೆ ಎಡವಿದ್ದು ಸ್ಟೇನ್‌ಲೆಸ್ ಕೋಚ್‌ಗಳಲ್ಲಿ. ತುಕ್ಕು ಹಿಡಿಯದ ಲೋಹ, ಹಾಗಾಗಿ ಹೆಚ್ಚು ಬಾಳುತ್ತದೆ ಎಂದೇ ಎಲ್ಲರ ಎಣಿಕೆ. 2008ರಲ್ಲಿ ನ್ಯೂಜೆರ್ಸಿಯ ಆಚೆ ಮುಳುಗಿಸಿದವು ಕೆಲವೇ ತಿಂಗಳಲ್ಲಿ ಕುಸಿದವು, ಆ ರಾಜ್ಯ ಮುಂದಿನವನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಸ್ಟೇನ್‌ಲೆಸ್ ಬಲವಾದ್ದರಿಂದ ಕಟ್ಟುವವರು ತೆಳುವಾದ ಅಲೆತಗಡು ಬಳಸುತ್ತಾರೆ, ಅದನ್ನು ಉದ್ದಕ್ಕೂ ಬೆಸೆಯದೆ ಚುಕ್ಕಿ ಚುಕ್ಕಿಯಾಗಿ ಸ್ಪಾಟ್ ವೆಲ್ಡ್ ಮಾಡಿರುತ್ತಾರೆ. ಹಳಿಯ ಮೇಲೆ ಭಾರ ಹೊರುವುದಕ್ಕೆ ಅದು ಸಾಕು. ತಳದ ಅಲೆ ಹಗಲೂ ರಾತ್ರಿ ತಗಡನ್ನು ಹಿಂದಕ್ಕೂ ಮುಂದಕ್ಕೂ ದೂಡುವಾಗ ಆ ಚುಕ್ಕಿಗಳು ಒಂದೊಂದಾಗಿ ಬಿಡುತ್ತವೆ. ದಪ್ಪ ಮಾಮೂಲು ಉಕ್ಕಿನ ರೆಡ್‌ಬರ್ಡ್ ತುಕ್ಕು ಹಿಡಿಯುತ್ತಲೇ ಆಕಾರ ಉಳಿಸಿಕೊಂಡಿತು.

ಸ್ಲೀಪರ್‌ಕ್ಲಾಸ್ ಬರೆದದ್ದು:

ಎಲ್ಲರೂ ಬಿಟ್ಟ ಒಂದು ವರ್ಗ ಇದೆ: ರೈಲ್ವೆಯೊಳಗೇ ಉಳಿಯುವ ಕೋಚ್‌ಗಳು. ಹಳಿ ಕೆಲಸದವರ ಕ್ಯಾಂಪ್ ಕೋಚ್, ಅಪಘಾತ ಪರಿಹಾರ ರೈಲು, ಪರೀಕ್ಷಾ ಕೋಚ್. ಬ್ರಿಟನ್ನಿನಲ್ಲಿ ಒಂದು ಕಡೆ ಒಂದು ಜಾತಿಯ ಕಪ್ಲರ್, ಇನ್ನೊಂದು ಕಡೆ ಇನ್ನೊಂದು ಜಾತಿಯದು ಕೂರಿಸಿ, ಹೊಸ ರೈಲನ್ನು ಎಳೆದೊಯ್ಯುವಾಗ ಇಂಜಿನ್‌ಗೂ ರೈಲಿಗೂ ನಡುವೆ ಕೊಂಡಿಯಾಗಿ ಹಳೆಯ ಕೋಚ್ ಬಳಸುತ್ತಾರೆ.

ಭಾರತದಲ್ಲಿ ದೊಡ್ಡ ಪ್ರಮಾಣದ್ದು ಎನ್‌ಎಂಜಿ, ಅಂದರೆ ಕಾರು ಸಾಗಿಸಲು ಮಾರ್ಪಡಿಸಿದ ಕೋಚ್. ಹಳೆಯ ಐಸಿಎಫ್ ಕೋಚ್‌ನ ಸೀಟು, ಬರ್ತ್, ಶೌಚಾಲಯ ಕಿತ್ತು, ಕಿಟಕಿಗಳಿಗೆ ತಗಡು ಬಡಿದು, ಎರಡೂ ತುದಿಯ ಗೋಡೆಯಲ್ಲಿ ಅಗಲ ಬಾಗಿಲು ಮಾಡುತ್ತಾರೆ. ಕಾರುಗಳನ್ನು ರೇಕಿನ (ಜೋಡಿಸಿದ ಕೋಚ್‌ಗಳ ಸಾಲಿನ) ಒಂದು ತುದಿಯಲ್ಲಿ ಹತ್ತಿಸಿ ಒಳಗೊಳಗೇ ಇನ್ನೊಂದು ತುದಿಯವರೆಗೆ ಓಡಿಸಿಕೊಂಡು ಹೋಗಬಹುದು. ಕಾರು ಜಾಗ ಹೆಚ್ಚು ತಿನ್ನುತ್ತದೆ, ತೂಕ ಕಡಿಮೆ, ಆದ್ದರಿಂದ ಮುದಿ ಶೆಲ್ಲಿಗೂ ಹೊರಬಲ್ಲ ಹೊರೆ ಅದು. ಐಸಿಎಫ್ ವಿನ್ಯಾಸದ ಕೋಚ್ ಕಟ್ಟುವುದು 2018ರ ಜನವರಿಗೆ ನಿಂತಿತಾದರೂ ಈಗಾಗಲೇ ಇರುವ ಸಾವಿರಾರು ಕೋಚ್‌ಗಳಿಗೆ ಇನ್ನೂ ಹಲವು ವರ್ಷ ಈ ದಾರಿ ತೆರೆದೇ ಇರುತ್ತದೆ.

ಶೆಲ್ ಒಂದು ಕಡೆ, ಬೋಗಿ ಒಂದು ಕಡೆ ಎಂದು ಅಂಡರ್‌ಫ್ರೇಮ್ ಅವರು ಹೇಳಿದ್ದಕ್ಕೆ ಲಂಡನ್ನಿನ ಡಿ78 ರೈಲು ಒಳ್ಳೆಯ ಸಾಕ್ಷಿ. ಅಲ್ಯೂಮಿನಿಯಂ ಮೈ, ಅದಕ್ಕಿಂತ ಎಷ್ಟೋ ಹೊಸ ಬೋಗಿ. 2017ರಲ್ಲಿ ಸುರಂಗ ರೈಲಾಗಿ ನಿವೃತ್ತಿಯಾದವುಗಳಲ್ಲಿ ಕೆಲವಕ್ಕೆ ಡೀಸೆಲ್ ಅಥವಾ ಬ್ಯಾಟರಿ ಕೂರಿಸಿ ಸಣ್ಣ ಮಾರ್ಗಗಳಿಗೆ ಕೊಟ್ಟರು. ಐಲ್ ಆಫ್ ವೈಟ್ ದ್ವೀಪದಲ್ಲಿ 2021ರಿಂದ ಓಡುತ್ತಿರುವುದೂ ಡಿ78ಗಳೇ, ಅಲ್ಲಿ ಮಾತ್ರ ಮೂರನೇ ಹಳಿಯ ಕರೆಂಟಿನಲ್ಲಿ. ಅವು ಜಾಗ ತುಂಬಿದ್ದು 1938ರ ಮಾದರಿಯ ಲಂಡನ್ ಸುರಂಗ ರೈಲಿಗೆ, ಅದೂ ಅಲ್ಲಿಗೆ ಹಳೆಯದಾಗಿಯೇ ಬಂದಿತ್ತು!

ಹಳಿಗುಂಟ ಬರೆದದ್ದು:

ಕೊನೇದೊಂದು. ನೆಲದ ಮೇಲೆ ಕೋಚ್ ಇಟ್ಟು ಓದುಕೋಣೆಯೋ ತಿಂಡಿಮನೆಯೋ ಮಾಡಬೇಕು ಅನ್ನೋರು ಏನು ನೋಡ್ಕೋಬೇಕು? ಬೋಗಿ ಸಮೇತ ಇಡೋದು ಒಳ್ಳೇದಾ, ಬರೀ ಶೆಲ್ ಇಡೋದಾ?

ತುಕ್ಕುಮುಕ್ಕು ಬರೆದದ್ದು:

ಬೋಗಿ ಸಮೇತ ಇಡುವುದೇ ಸುಲಭ, ಜಾಗ ಮತ್ತು ಹಳಿ ಇದ್ದರೆ. 21 ಮೀಟರ್ ಉದ್ದದ ಕೋಚ್‌ಗೆ 26 ಮೀಟರ್ ಹಳಿ, 65 ಸೆಂ.ಮೀ.ಗೆ ಒಂದರಂತೆ 40 ಸ್ಲೀಪರ್, ಕೆಳಗೆ ನೀರು ಬಸಿಯುವಂತೆ ಜಲ್ಲಿ. ಮಟ್ಟವಾಗಿ ಹಾಸಿ, ಎರಡೂ ತುದಿಯ ಚಕ್ರಗಳಿಗೆ ತಡೆ ಬಿಗಿದರೆ ಆಯಿತು. ಜಲ್ಲಿ ಕೂರುತ್ತಾ ಹೋದ ಹಾಗೆ ಒಂದು ಕಡೆ ವಾಲಿದರೆ ಬಾಗಿಲುಗಳು ಹಿಡಿದುಕೊಳ್ಳುತ್ತವೆ, ಆಗ ಜಾಕಿ ಕೊಟ್ಟು ಜಲ್ಲಿ ತುರುಕಬೇಕು.

ಬರೀ ಶೆಲ್ ಇಡುವುದಾದರೆ ತಪ್ಪೆಲ್ಲ ಆಗುವುದು ಆಧಾರದ ಜಾಗದಲ್ಲಿ. ಐಸಿಎಫ್ ಅಳತೆಯನ್ನೇ ಉದಾಹರಣೆಗೆ ಹಿಡಿಯಿರಿ. ಮೈ 21.3 ಮೀಟರ್, ಎರಡು ಬೋಗಿ ಕೇಂದ್ರಗಳ ನಡುವೆ 14.78 ಮೀಟರ್, ಅಂದರೆ ಎರಡೂ ತುದಿಯಲ್ಲಿ ಸುಮಾರು 3.3 ಮೀಟರ್ ಹೊರಚಾಚು. ಶೆಲ್ ಇಷ್ಟು ವರ್ಷ ಹೊರೆ ಹೊತ್ತದ್ದು ಆ ಎರಡು ಕೇಂದ್ರಗಳ ಮೇಲೆ. ಕಾಂಕ್ರೀಟ್ ಕಟ್ಟೆಯೂ ಅಲ್ಲೇ, ಬೋಲ್‌ಸ್ಟರಿನ ಕೆಳಗೇ ಬರಬೇಕು. ನಡುವೆ ಒಂದು ಕಟ್ಟೆ, ತುದಿಗೊಂದು ಕಟ್ಟೆ ಎಂದು ಮನೆಯ ತೊಲೆಯ ಹಾಗೆ ಯೋಚಿಸಿದರೆ, ಬಲವಿಲ್ಲದ ಜಾಗದಲ್ಲಿ ನೆಲದ ತಗಡು ಒಳಕ್ಕೆ ನುಗ್ಗುತ್ತದೆ. ಕೋಚ್ ಸುಮಾರು 37 ಟನ್, ಎರಡು ಬೋಗಿ 12 ಟನ್, ಉಳಿದ ಶೆಲ್ 25 ಟನ್. ಒಳಗಿನದ್ದು ಬಿಚ್ಚಿದ್ದರೆ ಇನ್ನೂ ಕಡಿಮೆ. ಒಂದೊಂದು ತುದಿಗೆ 12.5 ಟನ್ ಎಂದು ಎಣಿಸಿ, ಅದರ ಮೇಲೆ ಜನ, ಸಾಮಾನು ಸೇರಿಸಿ, ನಿಮ್ಮ ಮಣ್ಣು ತಾಳುವಷ್ಟಕ್ಕೆ ತಳಪಾಯ ಅಗಲಿಸಿ.

ಒಂದು ತುದಿಯನ್ನು ಮಾತ್ರ ಬಿಗಿಯಬೇಕು. ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. 40 ಡಿಗ್ರಿ ವ್ಯತ್ಯಾಸಕ್ಕೆ ಆ 14.78 ಮೀಟರಿನಲ್ಲಿ 7 ಮಿ.ಮೀ. ಎರಡೂ ಕಡೆ ಬೋಲ್ಟ್ ಹಾಕಿದರೆ ಮೊದಲ ಬೇಸಿಗೆಯಲ್ಲೇ ಕಟ್ಟೆಯ ಅಂಚು ಬಿರಿಯುತ್ತದೆ. ಇನ್ನೊಂದು ತುದಿ ಉಕ್ಕಿನ ಎರಡು ಹಲಗೆಯ ನಡುವೆ ಗ್ರೀಸ್ ಹಚ್ಚಿ ಜಾರುವಂತಿರಲಿ.

ಎತ್ತುವಾಗ ಎರಡು ಕ್ರೇನ್, ಅಥವಾ ಅಡ್ಡ ತೊಲೆ ಇರುವ ಒಂದು ದೊಡ್ಡ ಕ್ರೇನ್. ಸರಪಳಿಯನ್ನು ಜಾಕಿ ಪ್ಯಾಡಿನ (ಜಾಕಿ ಕೊಡಲೆಂದೇ ಗಟ್ಟಿ ಮಾಡಿರುವ) ಜಾಗದಲ್ಲೇ ಕಟ್ಟಿ, ನೇರವಾಗಿ ಮೇಲಕ್ಕೆ ಹೋಗುವಂತೆ ನೋಡಿಕೊಳ್ಳಿ. ಓರೆಯಾದರೆ ಅದು ಗೋಡೆಯನ್ನು ಒಳಕ್ಕೆ ಹಿಂಡುತ್ತದೆ. ಸಾಗಿಸುವ ಮುಂಚೆ ಲಾರಿಯ ಹಾಸಿನ ಎತ್ತರಕ್ಕೆ ಶೆಲ್ಲಿನ ಎತ್ತರ ಕೂಡಿಸಿ, ದಾರಿಯ ಪ್ರತಿ ಸೇತುವೆ, ಕರೆಂಟು ತಂತಿ, ತಿರುವು ಅಳೆದಿರಬೇಕು. ಬೋಗಿಗಳು ಬೇರೆ ಲಾರಿಯಲ್ಲಿ.

ಕಿಟಕಿ ದೊಡ್ಡದು ಮಾಡುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ಇಂಟಿಗ್ರಲ್ ಕೋಚ್‌ನಲ್ಲಿ ಗೋಡೆ ಬರೀ ಮರೆಯಲ್ಲ, ಅದೂ ಹೊರೆ ಹೊರುತ್ತದೆ. ಎರಡು ಕಿಟಕಿಯ ನಡುವಿನ ಕಂಬ ಕಡಿದರೆ ಸುತ್ತ ಉಕ್ಕಿನ ಚೌಕಟ್ಟು ಬೆಸೆದು, ಅದೂ ಕಡಿಯುವ ಮೊದಲೇ ಬೆಸೆದು, ಕೆಳಗೆ ತಾತ್ಕಾಲಿಕ ಆಧಾರ ಕೊಟ್ಟಿರಬೇಕು. ಇಲ್ಲದಿದ್ದರೆ ಡಬ್ಬಿ ನಡುವೆ ಜೋಲುತ್ತದೆ. ಜೋತದ್ದನ್ನು ಮತ್ತೆ ನೆಟ್ಟಗೆ ಮಾಡುವುದು ಆಗದ ಮಾತು.

ಹಳೆಯ ವೈರಿಂಗ್ ಒಂದೆಳೆಯನ್ನೂ ಉಳಿಸಬೇಡಿ. ಅದು 110 ವೋಲ್ಟ್ ಡಿಸಿಗೋ 24 ವೋಲ್ಟಿಗೋ ಹಾಕಿದ್ದು. ಹೊಸ ವೈರಿಂಗ್ ಹಾಕಿ ಶೆಲ್ಲಿಗೆ ಎರಡು ಕಡೆ ಅರ್ಥಿಂಗ್ ಕೊಡಿ. ಇಡೀ ಗೋಡೆಯೇ ಲೋಹ ಎಂಬುದು ನೆನಪಿರಲಿ. ಅಡುಗೆ ಮಾಡುವುದಾದರೆ ಆವಿ ಹೊರಹೋಗಲು ಫ್ಯಾನ್ ಬೇಕೇ ಬೇಕು, ಇಲ್ಲವಾದರೆ ಅದು ತಣ್ಣನೆಯ ಪಕ್ಕೆಲುಬಿನ ಮೇಲೆ ಹನಿಗಟ್ಟಿ, ಹೊಸ ಪ್ಲೈವುಡ್ಡಿನ ಹಿಂದೆ ಹರಿದು, ನೆಲದ ತಗಡಿನಲ್ಲಿ ನಿಲ್ಲುತ್ತದೆ. ನೆಲದ ತಗ್ಗಿನಲ್ಲಿ ನೀರು ಬಸಿಯುವ ತೂತುಗಳಿರುತ್ತವೆ, ಹೊಸ ನೆಲ ಹಾಕುವವರು ಇಲಿ ಬಾರದಿರಲೆಂದು ಅವನ್ನೇ ಮುಚ್ಚಿಬಿಡುತ್ತಾರೆ. ಮುಚ್ಚಬೇಡಿ, ಜಾಲರಿ ಬಡಿಯಿರಿ.

ಮೀಟರ್‌ಗೇಜು ಬರೆದದ್ದು:

ಇನ್ನೊಂದು ಸೇರಿಸ್ತೀನಿ. ಕೋಚ್ ಕೊಳ್ಳೋರು ಹರಾಜಿನ ಬೆಲೆ ನೋಡಿ ಕುಣೀತಾರೆ, ಎಷ್ಟು ಕಾಲ ನಿಂತಿತ್ತು ಅಂತ ಕೇಳೋದಿಲ್ಲ. ಬಯಲಲ್ಲಿ ನಾಲ್ಕೈದು ವರ್ಷ ನಿಂತ ಕೋಚ್ ಓಡ್ತಿದ್ದ ಕೋಚ್‌ಗಿಂತ ಬೇಗ ಹಾಳಾಗಿರತ್ತೆ. ಚಾವಣಿಯ ಏರ್ ವೆಂಟಿನ ರಬ್ಬರ್ ಒಣಗಿ ಮಳೆ ಒಳಗಿಳಿದಿರತ್ತೆ. ಬೇರಿಂಗಿನ ರೋಲರ್ ಒಂದೇ ಜಾಗದಲ್ಲಿ ಕೂತು ಓಟದ ಹಾದಿಯಲ್ಲಿ ಕುಳಿ ಮಾಡಿರತ್ತೆ. ನಿಲ್ಲಿಸೋರು ನೀರಿನ ಟ್ಯಾಂಕ್ ಬಸಿದು, ಬ್ಯಾಟರಿ ಬಿಚ್ಚಿ, ತಿಂಗಳಿಗೊಮ್ಮೆ ಒಂದೆರಡು ಚಕ್ರ ಸುತ್ತಿನಷ್ಟು ಕೋಚನ್ನು ಸರಿಸಬೇಕು. ನೋಡೋಕೆ ಹೋದಾಗ ಮೊದಲು ಶೌಚಾಲಯದ ಪಕ್ಕದ ನೆಲಹಾಸು ಎತ್ತಿಸಿ, ಕೆಳಗಿನ ತಗಡಿಗೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಒಳಗೆ ಇಳಿದರೆ ವಾಪಸ್ ಬನ್ನಿ.